ಯಾವ ನೀರು, ಯಾವ ತಿಂಗಳು, ಎಷ್ಟು ಹೊತ್ತಿನ ಸೂಚನೆ: ಮನೆಗೊಂದು ನೆರೆ ಪಂಚಾಂಗ

2021ರ ಫೆಬ್ರವರಿ 7ರ ಬೆಳಗ್ಗೆ ಉತ್ತರಾಖಂಡದ ಚಮೋಲಿಯಲ್ಲಿ ಮಳೆ ಇರಲಿಲ್ಲ. ಹಿಮಾಲಯದ ನದಿಗಳು ಬಡಕಲಾಗಿ ಹರಿಯುವ ಚಳಿಗಾಲ ಅದು. ರೋಂಟಿ ಶಿಖರದಿಂದ ಬಂಡೆ ಮತ್ತು ಹಿಮದ ಭಾರಿ ಹೋಳೊಂದು ಕಳಚಿ ಬಿತ್ತು. ಉರುಳುವಾಗಿನ ಬಿಸಿಗೆ ಹಿಮ ಕರಗಿ, ಅದೆಲ್ಲ ಕೆಸರುನೀರಿನ ಗೋಡೆಯಾಗಿ ಋಷಿಗಂಗಾ, ಧೌಲಿಗಂಗಾ ಕಣಿವೆಗಳಲ್ಲಿ ನುಗ್ಗಿತು. ಸತ್ತವರು, ಕಾಣೆಯಾದವರು ಸೇರಿ 200ಕ್ಕೂ ಹೆಚ್ಚು ಜನ.

ಬೋಟ್ಸ್ವಾನಾದ ಒಕವಾಂಗೊ ಪ್ರದೇಶದಲ್ಲಂತೂ ಪ್ರತಿ ವರ್ಷ ನೆರೆ ಏರುವುದು ಅಲ್ಲಿನ ಒಣ ಋತುವಿನಲ್ಲಿ. ಅಂಗೋಲಾದ ಎತ್ತರದ ನಾಡಿನಲ್ಲಿ ವರ್ಷದ ಆರಂಭಕ್ಕೆ ಸುರಿದ ಮಳೆ ನಿಧಾನವಾಗಿ ಹರಿದು ಜೂನ್‌ನಿಂದ ಆಗಸ್ಟ್ ಹೊತ್ತಿಗೆ ಇಲ್ಲಿ ಹರಡಿಕೊಳ್ಳುತ್ತದೆ. ಒಂದು ಕಡೆ ಕೆಲವೇ ನಿಮಿಷಗಳಲ್ಲಿ ಬಂದ ನೆರೆ, ಇನ್ನೊಂದು ಕಡೆ ತಿಂಗಳುಗಟ್ಟಲೆ ನಡೆದು ಬರುವ ನೆರೆ. ಎರಡಕ್ಕೂ ತಲೆಯ ಮೇಲಿನ ಮೋಡಕ್ಕೂ ಸಂಬಂಧವಿಲ್ಲ.

‘ನಮ್ಮಲ್ಲಿ ನೆರೆ ಬರುತ್ತದಾ?’ ಎಂದು ಕೇಳಿಕೊಂಡರೆ ‘ಇಲ್ಲಪ್ಪ’ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಕೇಳಬೇಕಾದ್ದು ಮೂರು ಪ್ರಶ್ನೆ: ಯಾವ ನೀರು ಬರಬಹುದು, ಯಾವ ತಿಂಗಳಲ್ಲಿ, ಎಷ್ಟು ಹೊತ್ತು ಮೊದಲು ಗೊತ್ತಾಗುತ್ತದೆ? ಈ ಮೂರಕ್ಕೂ ಉತ್ತರ ಬರೆದಿಟ್ಟ ಒಂದು ಹಾಳೆಯನ್ನೇ ನೆರೆ ಪಂಚಾಂಗ ಅನ್ನುತ್ತಿದ್ದೇನೆ. ಎರಡು ಭಾನುವಾರ ಕೂತರೆ ಮುಗಿಯುವ ಕೆಲಸ.

ಹಂತ 1: ನೀರಿನ ದಾರಿ ಗುರುತಿಸಿ

ಹಾಳೆಯ ಮೇಲ್ಭಾಗದಲ್ಲಿ ಐದು ಅಂಕಣ ಎಳೆಯಿರಿ: ಬಿದ್ದಲ್ಲೇ ನಿಲ್ಲುವ ಮಳೆನೀರು, ಹೊಳೆ–ಹಳ್ಳದ ನೀರು, ಸಮುದ್ರದ ನೀರು, ನೆಲದಡಿಯ ನೀರು, ಮೇಲೆಲ್ಲೋ ಕಟ್ಟಿ ನಿಲ್ಲಿಸಿದ ನೀರು. ಅಣೆಕಟ್ಟು, ಕೆರೆ, ಹಿಮಸರೋವರ, ದೊಡ್ಡ ಕೊಳವೆ ಎಲ್ಲ ಕೊನೆಯ ಅಂಕಣಕ್ಕೆ ಸೇರುತ್ತವೆ.

ನಕ್ಷೆ ನೋಡುವ ಮೊದಲು ಒಂದು ಸಾಧಾರಣ ಮಳೆಯಲ್ಲಿ ಕೊಡೆ ಹಿಡಿದು ಹೊರಡಿ. ಜೋರು ಮಳೆಯಲ್ಲಿ ಬೇಡ. ಅಪಾಯದ ಮಾತು ಹಾಗಿರಲಿ, ಎಲ್ಲೆಲ್ಲೂ ನೀರಿದ್ದರೆ ದಾರಿಯೇ ಕಾಣುವುದಿಲ್ಲ. ಬೀದಿಯ ನೀರು ಯಾವ ಕಡೆ ಹರಿಯುತ್ತದೆ, ಯಾವ ಮೋರಿಯ ಬಾಯಿಗೆ ಕಸ ಸಿಕ್ಕಿಕೊಳ್ಳುತ್ತದೆ, ಎಲ್ಲಿ ರಸ್ತೆಯೇ ಹಳ್ಳವಾಗುತ್ತದೆ ಎಂದು ಗುರುತು ಹಾಕಿಕೊಳ್ಳಿ. ರಸ್ತೆಗೆ ಪದರದ ಮೇಲೆ ಪದರ ಡಾಂಬರು ಹಾಕುತ್ತ ಬಂದು, ಮನೆಯ ಹೊಸ್ತಿಲು ರಸ್ತೆಗಿಂತ ಕೆಳಗೆ ಹೋಗಿರುವುದು ಈ ನಡಿಗೆಯಲ್ಲಿ ಎಷ್ಟೋ ಜನಕ್ಕೆ ಮೊದಲ ಸಲ ಕಣ್ಣಿಗೆ ಬೀಳುತ್ತದೆ.

ಆಮೇಲೆ ಹಿಂದಿನ ಗುರುತು ಹುಡುಕಿ. ಗೋಡೆಯ ಮೇಲೆ ಸಮನಾಗಿ ಎಳೆದಂತಿರುವ ಕಂದು ಗೆರೆ, ಬೇಲಿಯ ಎತ್ತರಕ್ಕೆ ಸಿಕ್ಕಿಕೊಂಡ ಒಣಹುಲ್ಲು, ಸೇತುವೆ ಕಂಬದ ಕೆಸರಿನ ಕಲೆ. ವಯಸ್ಸಾದವರನ್ನು ಮಾತಾಡಿಸುವಾಗ ‘ನೆರೆ ಬಂದಿತ್ತಾ?’ ಎಂದಷ್ಟೇ ಕೇಳಿ ಬಿಡಬೇಡಿ. ಯಾವ ತಿಂಗಳು, ಎಲ್ಲಿಯವರೆಗೆ ಏರಿತ್ತು, ಎಷ್ಟು ದಿನ ನಿಂತಿತ್ತು, ನೀರು ತಿಳಿಯಾಗಿತ್ತೋ ಕೆಂಪಗಿತ್ತೋ ಎಂದು ಕೇಳಿ. ಕೆಂಪು ನೀರು ಬಂದು ಮಾರನೆಯ ದಿನ ಇಳಿದಿದ್ದರೆ ಅದು ಹಳ್ಳದ್ದು. ತಿಳಿನೀರು ಮೆಲ್ಲಗೆ ಮೇಲೆದ್ದು ವಾರಗಟ್ಟಲೆ ನಿಂತಿದ್ದರೆ ನೆಲದಡಿಯದು.

ಕೊನೆಗೆ ನಕ್ಷೆ. ನಿಮ್ಮ ಹೊಳೆಯನ್ನು ಮೂಲದವರೆಗೆ ಬೆರಳಿಟ್ಟು ಹಿಂಬಾಲಿಸಿ. ದಾರಿಯಲ್ಲಿ ಸಿಗುವ ಉಪನದಿ, ಅಣೆಕಟ್ಟು, ಕೆರೆಗಳ ಹೆಸರು ಬರೆದುಕೊಳ್ಳಿ. ನಿಮ್ಮ ನೆರೆ ಹುಟ್ಟುವುದು ಆ ಊರುಗಳಲ್ಲಿ. ಹವಾಮಾನ ಸುದ್ದಿಯಲ್ಲಿ ಅವುಗಳ ಹೆಸರಿಗೂ ಇನ್ನುಮೇಲೆ ಕಿವಿಗೊಡಬೇಕು.

ಒಂದು ತಪ್ಪೊಪ್ಪಿಗೆ. ಮೊದಲ ಸಲ ಈ ಹಾಳೆ ಮಾಡಿದಾಗ ನಾನು ಹೊಳೆಯ ಅಂಕಣವನ್ನು ನೀಟಾಗಿ ತುಂಬಿ, ಮಳೆನೀರಿನ ಅಂಕಣವನ್ನು ಖಾಲಿ ಬಿಟ್ಟಿದ್ದೆ. ಆ ವರ್ಷ ನೀರು ಒಳಗೆ ಬಂದದ್ದು ಬಚ್ಚಲಿನ ತೂತಿನಿಂದ, ಚರಂಡಿ ತುಂಬಿ ಹಿಮ್ಮುಖವಾಗಿ.

ಹಂತ 2: ಪ್ರತಿಯೊಂದು ನೀರಿಗೂ ಅದರ ತಿಂಗಳು ಹಚ್ಚಿ

ಹಾಳೆಯ ಎಡಬದಿಗೆ ಹನ್ನೆರಡು ತಿಂಗಳು ಬರೆಯಿರಿ. ಇನ್ನು ಒಂದೊಂದೇ ಅಂಕಣ. ಈ ಹಂತದಲ್ಲಿ ಅವಸರ ಬೇಡ.

*ಬಿದ್ದಲ್ಲೇ ನಿಲ್ಲುವ ಮಳೆನೀರು.* ಇಲ್ಲಿ ಮುಖ್ಯವಾದದ್ದು ದಿನದ ಮಳೆಯಲ್ಲ, ಗಂಟೆಯ ಮಳೆ. 2021ರ ಜುಲೈ 20ರಂದು ಚೀನಾದ ಝೆಂಗ್‌ಝೌ ನಗರದಲ್ಲಿ ಒಂದೇ ಗಂಟೆಗೆ 201.9 ಮಿ.ಮೀ. ಸುರಿದಾಗ ಸುರಂಗ ರಸ್ತೆಗಳು, ಮೆಟ್ರೊ ರೈಲು ಮುಳುಗಿದವು. ಅಷ್ಟೇ ಮಳೆ ಎರಡು ದಿನ ಜಿಟಿಜಿಟಿ ಹಿಡಿದಿದ್ದರೆ ಕಥೆ ಬೇರೆ. ಒಂದು ಮಿ.ಮೀ. ಮಳೆ ಎಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. ಒಂದು ಹೆಕ್ಟೇರ್ ಬಡಾವಣೆಯ ಮೇಲೆ 50 ಮಿ.ಮೀ. ಬಿದ್ದರೆ 5 ಲಕ್ಷ ಲೀಟರ್. ನಿಮ್ಮ ಬೀದಿಯ ಮೋರಿಯನ್ನು ಒಮ್ಮೆ ಕಣ್ಣಿಗೆ ತಂದುಕೊಳ್ಳಿ. ಈ ಬಗೆಯ ಮಳೆ ಹೆಚ್ಚಾಗಿ ಬಿಸಿ ತಿಂಗಳುಗಳದ್ದು: ಮಳೆಗಾಲಕ್ಕೆ ಮುಂಚಿನ ಗುಡುಗಿನ ಮಧ್ಯಾಹ್ನಗಳು, ತಂಪು ದೇಶಗಳಲ್ಲಿ ಬೇಸಿಗೆಯ ಸಂಜೆಗಳು. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 7% ಹೆಚ್ಚು ತೇವ ಹಿಡಿದಿಡಬಲ್ಲದು. ಋತುವಿನ ಮೊದಲ ಮಳೆಗೆ ತಿಂಗಳುಗಟ್ಟಲೆ ಒಣಗಿದ ಎಲೆ, ಪ್ಲಾಸ್ಟಿಕ್ಕು ಎಲ್ಲ ಮೋರಿಯ ಬಾಯಿಗೆ ಬಂದು ಕೂರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

*ಹೊಳೆಯ ನೀರು.* ಇದರ ತಿಂಗಳು ಸಾಮಾನ್ಯವಾಗಿ ಮಳೆಗಾಲದ ನಡುವಿನಿಂದ ಕೊನೆಯವರೆಗೆ. ಮೊದಲ ವಾರ ಬಿದ್ದ 100 ಮಿ.ಮೀ. ಮಳೆಯಲ್ಲಿ ಬಹುಪಾಲನ್ನು ಒಣನೆಲ ಕುಡಿದುಬಿಡುತ್ತದೆ. ಎಂಟು ವಾರ ನೆನೆದ ನೆಲಕ್ಕೆ ಅದೇ 100 ಮಿ.ಮೀ. ಬಿದ್ದರೆ ಹೆಚ್ಚಿನದೆಲ್ಲ ಹೊಳೆಗೇ. ಆದ್ದರಿಂದ ಮುನ್ಸೂಚನೆಯ ಮಿ.ಮೀ. ನೋಡುವಾಗ ‘ಕಳೆದ ಮೂರು ವಾರ ಎಷ್ಟು ಬಿದ್ದಿದೆ?’ ಎಂದೂ ನೋಡಿ. ಬಿಸಿಲಿಗೆ ಸುಟ್ಟು ಹೆಂಟೆಗಟ್ಟಿದ ನೆಲ ಮಾತ್ರ ಇದಕ್ಕೆ ಅಪವಾದ. ರಭಸದ ಮಳೆಗೆ ಅದು ಸಿಮೆಂಟಿನಂತೆ ವರ್ತಿಸುತ್ತದೆ.

ಹಿಮ ಬೀಳುವ ದೇಶಗಳಲ್ಲಿ ಹೊಳೆಯ ನೆರೆ ವಸಂತಕ್ಕೆ ಜಾರುತ್ತದೆ. ಅಮೆರಿಕದ ಗ್ರ್ಯಾಂಡ್ ಫೋರ್ಕ್ಸ್ ಊರಿನ ಪಕ್ಕದ ರೆಡ್ ನದಿ ಉತ್ತರಕ್ಕೆ ಹರಿಯುತ್ತದೆ. ಮೇಲಿನ ಭಾಗ ದಕ್ಷಿಣದಲ್ಲಿರುವುದರಿಂದ ಹಿಮ ಅಲ್ಲಿ ಮೊದಲು ಕರಗುತ್ತದೆ. ಕೆಳಭಾಗ ಆಗಲೂ ಮಂಜುಗಟ್ಟಿರುತ್ತದೆ. 1997ರ ಏಪ್ರಿಲ್‌ನಲ್ಲಿ ನದಿ 49 ಅಡಿ ಏರಬಹುದು ಎಂಬ ಮುನ್ಸೂಚನೆಯಿತ್ತು. ಏರಿದ್ದು 54 ಅಡಿಗೂ ಮೇಲೆ. ಮುನ್ಸೂಚನೆಯ ಅಂಕಿ ಎಂದರೆ ಅದರ ಆಚೀಚೆ ಒಂದಿಷ್ಟು ಜಾಗ ಇದ್ದೇ ಇರುತ್ತದೆ. ‘49ಕ್ಕೆ ಸಾಕಾಗುವಷ್ಟು’ ಮರಳುಚೀಲ ಪೇರಿಸುವುದು ಜೂಜು.

*ಸಮುದ್ರದ ನೀರು.* ಈ ಅಂಕಣದೊಳಗೆ ಎರಡು ಬೇರೆ ಬೇರೆ ಗಡಿಯಾರಗಳಿವೆ. ಒಂದು ಚಂದ್ರನದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ದೊಡ್ಡದು. ಚಂದ್ರ ಭೂಮಿಗೆ ಹತ್ತಿರ ಬಂದ ಹುಣ್ಣಿಮೆಯಲ್ಲಿ ಇನ್ನೂ ದೊಡ್ಡದು. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಹಗಲಿರುಳು ಸಮನಾಗುವ ದಿನಗಳ ಹತ್ತಿರ, ಹಲವು ತೀರಗಳಲ್ಲಿ ವರ್ಷದ ಅತಿ ಎತ್ತರದ ಉಬ್ಬರ ಬರುತ್ತದೆ. ಗಾಳಿಯಿಲ್ಲ, ಮಳೆಯಿಲ್ಲ, ಆದರೂ ಚರಂಡಿಯ ಬಾಯಿಂದ ಉಪ್ಪುನೀರು ಉಕ್ಕಿ ರಸ್ತೆಗೆ ಬರುತ್ತದೆ. ಇದರ ದಿನ, ಗಂಟೆಯನ್ನು ವರ್ಷ ಮೊದಲೇ ಲೆಕ್ಕ ಹಾಕಬಹುದು. ನಿಮ್ಮ ತೀರದ ಉಬ್ಬರ–ಇಳಿತದ ಪಟ್ಟಿ ತಂದು ದೊಡ್ಡ ಉಬ್ಬರದ ದಿನಗಳನ್ನು ಈಗಲೇ ಗುರುತು ಹಾಕಿ.

ಎರಡನೆಯದು ಬಿರುಗಾಳಿಯ ಗಡಿಯಾರ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳು ಮುಂಗಾರಿಗೆ ಮುಂಚೆ ಒಮ್ಮೆ, ಮುಂಗಾರು ಮುಗಿದ ಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮತ್ತೊಮ್ಮೆ ಹೆಚ್ಚುತ್ತವೆ. ಅಟ್ಲಾಂಟಿಕ್‌ನಲ್ಲಿ ಜೂನ್‌ನಿಂದ ನವೆಂಬರ್. ದಕ್ಷಿಣಾರ್ಧ ಗೋಳದಲ್ಲಿ ಸುಮಾರು ನವೆಂಬರ್‌ನಿಂದ ಏಪ್ರಿಲ್. ಗಾಳಿಯ ಒತ್ತಡ ಒಂದು ಹೆಕ್ಟೊಪ್ಯಾಸ್ಕಲ್ ಕುಸಿದರೆ ಸಮುದ್ರ ಸುಮಾರು ಒಂದು ಸೆಂ.ಮೀ. ಉಬ್ಬುತ್ತದೆ, ಆದರೆ ಅದು ಚಿಲ್ಲರೆ. ದೊಡ್ಡ ಪಾಲು, ಆಳವಿಲ್ಲದ ಕಡಲಿನ ಮೇಲೆ ಗಾಳಿ ನೀರನ್ನು ದಡಕ್ಕೆ ತಳ್ಳುವುದರದ್ದು. 1970ರ ನವೆಂಬರ್‌ನಲ್ಲಿ ಈಗಿನ ಬಾಂಗ್ಲಾದೇಶದ ತೀರಕ್ಕೆ ಅಪ್ಪಳಿಸಿದ ಭೋಲಾ ಚಂಡಮಾರುತದಲ್ಲಿ ಲಕ್ಷಗಟ್ಟಲೆ ಜನ ಸತ್ತದ್ದು ಗಾಳಿಗಿಂತ ಹೆಚ್ಚಾಗಿ ಈ ನೀರಿಗೆ. ಚಳಿಯ ದೇಶಗಳೂ ಹೊರತಲ್ಲ: 1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರದ ಬಿರುಗಾಳಿ ದೊಡ್ಡ ಉಬ್ಬರದೊಂದಿಗೆ ಕೂಡಿಕೊಂಡಾಗ ನೆದರ್‌ಲ್ಯಾಂಡ್ಸ್‌ನಲ್ಲಿ ತಡೆಗೋಡೆಗಳು ಒಡೆದು 1,836 ಜನ ಸತ್ತರು.

*ನೆಲದಡಿಯ ನೀರು.* ಮಳೆಗಾಲ ಮುಗಿದು ವಾರಗಳೋ ತಿಂಗಳುಗಳೋ ಕಳೆದ ಮೇಲೆ ಬೇಸ್‌ಮೆಂಟಿನ ನೆಲ ಒಸರುತ್ತದೆ. ಸುಣ್ಣಕಲ್ಲಿನಂಥ, ನೀರು ಸೋಸುವ ಬಂಡೆಯ ಪ್ರದೇಶಗಳಲ್ಲಿ ಇದು ಸಾಮಾನ್ಯ. ಬಾಗಿಲಿಗೆ ಮರಳುಚೀಲ ಒಡ್ಡಿ ಪ್ರಯೋಜನವಿಲ್ಲ, ನೀರು ಬರುವುದು ಅಡಿಯಿಂದ. ತೆರೆದ ಬಾವಿಯಿದ್ದರೆ ತಿಂಗಳಿಗೊಮ್ಮೆ ಹಗ್ಗ ಇಳಿಬಿಟ್ಟು ಮಟ್ಟ ಬರೆದಿಡಿ. ಎರಡು ವರ್ಷದ ದಾಖಲೆ ಸಿಕ್ಕರೆ ಈ ಅಂಕಣ ತಾನಾಗಿ ತುಂಬಿಕೊಳ್ಳುತ್ತದೆ.

*ಕಟ್ಟಿ ನಿಲ್ಲಿಸಿದ ನೀರು.* ಅಣೆಕಟ್ಟಿನ ಅಪಾಯ ಮಳೆಗಾಲದ ಕೊನೆಯಲ್ಲಿ ಹೆಚ್ಚು. ಜಲಾಶಯ ಅರ್ಧ ಖಾಲಿಯಿದ್ದಾಗ ದೊಡ್ಡ ಮಳೆಯನ್ನೂ ನುಂಗಿಕೊಳ್ಳುತ್ತದೆ. ತುಂಬಿದ ಮೇಲೆ ಬಂದದ್ದನ್ನೆಲ್ಲ ಕೆಳಗೆ ಬಿಡದೆ ವಿಧಿಯಿಲ್ಲ. ಜಲಾಶಯ ತುಂಬಿತೆಂದು ಸಂಭ್ರಮಿಸುವ ದಿನವೇ ಕೆಳಗಿನ ಊರಿನವರು ಒಳಹರಿವಿನ ಅಂಕಿ ನೋಡಲು ಶುರುಮಾಡಬೇಕಾದ ದಿನ. ಸಿಕ್ಕಿಂನ ದಕ್ಷಿಣ ಲ್ಹೊನಾಕ್ ಹಿಮಸರೋವರ ಒಡೆದು ಚುಂಗ್‌ಥಾಂಗ್ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋದದ್ದು 2023ರ ಅಕ್ಟೋಬರ್ ಆರಂಭದಲ್ಲಿ. ಅದಕ್ಕೆ ಮೂರು ವಾರ ಮೊದಲು ಲಿಬಿಯಾದ ಡೆರ್ನಾದಲ್ಲಿ ಬಿರುಮಳೆಗೆ ಎರಡು ಅಣೆಕಟ್ಟುಗಳು ಒಂದೇ ರಾತ್ರಿ ಒಡೆದು ಸಾವಿರಾರು ಜನ ಸತ್ತರು. ವರ್ಷದ ಬಹುಕಾಲ ಒಣಗಿರುವ ಹಳ್ಳ ಅದು. ಇಂಥ ಅವಘಡಕ್ಕೆ ನಿರ್ದಿಷ್ಟ ತಿಂಗಳಿಲ್ಲ. ನಿಮ್ಮ ಮೇಲ್ಭಾಗದಲ್ಲಿ ಅಣೆಕಟ್ಟು ಇದ್ದರೆ ಹನ್ನೆರಡೂ ತಿಂಗಳಿಗೆ ತೆಳುವಾದ ಗೆರೆ ಎಳೆದು, ಮಳೆಗಾಲದ ಕೊನೆಗೆ ಗಾಢ ಮಾಡಿ. ಕರಾವಳಿಯಲ್ಲಿ ಸುನಾಮಿಗೂ ಹಾಗೇ ಹನ್ನೆರಡು ತಿಂಗಳ ಗೆರೆ.

ಹಂತ 3: ಎಷ್ಟು ಹೊತ್ತು ಸಿಗುತ್ತದೆ?

ತಿಂಗಳಿಗಿಂತಲೂ ಇದು ಮುಖ್ಯ ಎಂಬುದು ನನ್ನ ಅಭಿಪ್ರಾಯ. ಪ್ರತಿ ಅಂಕಣದ ಕೆಳಗೆ ಒಂದು ಪದ ಬರೆಯಿರಿ: ನಿಮಿಷ, ಗಂಟೆ, ದಿನ, ಅಥವಾ ವಾರ.

ಕಡಿದಾದ ಹಳ್ಳ, ಅಂಡರ್‌ಪಾಸ್, ಒಡೆದ ಕಟ್ಟೆ: ನಿಮಿಷ. ಸಣ್ಣ ನದಿ: ಗಂಟೆ. ದೊಡ್ಡ ನದಿಯ ಕೆಳಭಾಗ, ಚಂಡಮಾರುತ: ದಿನ. ಹಿಮಕರಗು, ಅಂತರ್ಜಲ: ವಾರ.

ದೊಡ್ಡ ನದಿಯಾದರೆ ನಿಮ್ಮದೇ ಲೆಕ್ಕ ಕಟ್ಟಿಕೊಳ್ಳಬಹುದು. ಮೇಲ್ಭಾಗದ ಮಾಪನ ಕೇಂದ್ರದಲ್ಲಿ ನೀರು ಅತಿ ಎತ್ತರ ಮುಟ್ಟಿದ ಹೊತ್ತನ್ನೂ ನಿಮ್ಮ ಸೇತುವೆಯಲ್ಲಿ ಮುಟ್ಟಿದ ಹೊತ್ತನ್ನೂ ಮೂರ್ನಾಲ್ಕು ಸಲ ಬರೆದಿಡಿ. ನಡುವಿನ ಅಂತರವೇ ನಿಮಗೆ ಸಿಗುವ ಸಮಯ. ಅದರಲ್ಲಿ ಅರ್ಧವನ್ನು ಮಾತ್ರ ನಂಬಿ. ದೊಡ್ಡ ನೆರೆಯಲ್ಲಿ ಉಪನದಿಗಳು ನಡುವೆ ಸೇರಿಕೊಂಡು ಲೆಕ್ಕ ಕೆಡಿಸುತ್ತವೆ.

ಸಮಯ ಇದ್ದೂ ಕೈಗೆ ಸಿಗದೇ ಹೋಗುವುದುಂಟು. 2021ರ ಜುಲೈನಲ್ಲಿ ಪಶ್ಚಿಮ ಯುರೋಪಿನ ನದಿಗಳಿಗೆ ದಿನಗಳ ಮೊದಲೇ ಎಚ್ಚರಿಕೆ ಹೊರಟಿತ್ತು. ಆದರೂ ಜರ್ಮನಿಯ ಅಹ್ರ್ ಕಣಿವೆಯೊಂದರಲ್ಲೇ 130ಕ್ಕೂ ಹೆಚ್ಚು ಜನ ಸತ್ತರು. ನೀರು ಏರಿದ್ದು ಸಂಜೆಯಿಂದ ರಾತ್ರಿಗೆ. ಮಟ್ಟ ಅಳೆಯುವ ಮಾಪಕವೇ ಕೊಚ್ಚಿಹೋಯಿತು. ಫೋನಿನ ಎಚ್ಚರಿಕೆ ಒಂದನ್ನೇ ನೆಚ್ಚಿಕೊಳ್ಳದೆ ಮೇಲ್ಭಾಗದ ಊರಿನಲ್ಲಿ ಕರೆ ಮಾಡಿ ಹೇಳುವ ಒಬ್ಬ ಪರಿಚಿತರನ್ನು ಇಟ್ಟುಕೊಳ್ಳಿ. ‘ನಿಮಿಷ’ ಎಂದು ಬರೆದ ಅಂಕಣಕ್ಕೆ ಕಣ್ಣು–ಕಿವಿಯೇ ಯಂತ್ರ: ಹಳ್ಳದ ನೀರು ತಟ್ಟನೆ ಕೆಂಪಾದರೆ, ಕಡ್ಡಿ–ಕಸ ತೇಲಿಬಂದರೆ, ಮೇಲಿನಿಂದ ಗುಡುಗಿನಂಥ ಸದ್ದು ಕೇಳಿದರೆ ಎತ್ತರಕ್ಕೆ ಹತ್ತಿ. ಮಳೆ ಸುರಿಯುತ್ತಿದ್ದೂ ಹಳ್ಳ ಇದ್ದಕ್ಕಿದ್ದಂತೆ ಸೊರಗಿತೋ, ಅದಂತೂ ಇನ್ನೂ ಕೆಟ್ಟ ಗುರುತು. ಮೇಲೆಲ್ಲೋ ಗುಡ್ಡ ಕುಸಿದು ನೀರಿಗೆ ಅಡ್ಡಲಾಗಿರಬಹುದು, ಆ ಕಟ್ಟೆ ಹೆಚ್ಚು ಹೊತ್ತು ತಾಳುವುದಿಲ್ಲ.

ಹಂತ 4: ಎರಡು ನೀರು ಕೂಡುವ ತಿಂಗಳಿಗೆ ಕೆಂಪು ಹಚ್ಚಿ

ಹಾಳೆಯನ್ನು ಈಗ ಅಡ್ಡಡ್ಡ ಓದಿ. ಒಂದೇ ತಿಂಗಳ ಸಾಲಿನಲ್ಲಿ ಎರಡು ಮೂರು ಅಂಕಣಗಳಿಗೆ ಗುರುತು ಬಿದ್ದಿದೆಯೇ? 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿ.ಮೀ. ಮಳೆಯಾಯಿತು. ಸಮುದ್ರದಲ್ಲಿ ಉಬ್ಬರವೂ ಇದ್ದುದರಿಂದ ನಗರದ ನೀರು ಹೊರಗೆ ಹರಿಯಲು ದಾರಿ ಸಿಗಲಿಲ್ಲ. ಅಳಿವೆಯ ಪಕ್ಕದ ಮನೆಯವರಿಗೆ ಅಮಾವಾಸ್ಯೆಯ ವಾರದ ಸಾಧಾರಣ ಮಳೆ, ಬೇರೆ ವಾರದ ಜೋರು ಮಳೆಗಿಂತ ಕೆಟ್ಟದ್ದಾಗಬಹುದು.

ಬೆಂಕಿ–ನೀರಿನ ಜೋಡಿಯನ್ನು ಜನ ಊಹಿಸುವುದೇ ಇಲ್ಲ. 2017ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆಸಿಟೊ ಮೇಲಿನ ಗುಡ್ಡಗಳು ಕಾಳ್ಗಿಚ್ಚಿಗೆ ಸುಟ್ಟವು. 2018ರ ಜನವರಿ 9ರಂದು ಆ ಬೋಳು ಗುಡ್ಡದ ಮೇಲೆ ಬಿದ್ದ ಬಿರುಸು ಮಳೆ, ಬಂಡೆ–ಕೆಸರು ಹೊತ್ತು ಮನೆಗಳ ಮೇಲೆ ಇಳಿದು 23 ಜನರನ್ನು ಬಲಿ ತೆಗೆದುಕೊಂಡಿತು. ಮೇಲಿನ ಕಾಡು ಸುಟ್ಟಿದ್ದರೆ ಮುಂದಿನ ಕೆಲವು ಮಳೆಗಾಲ ನಿಮ್ಮ ಹಳೆಯ ಹಾಳೆ ಲೆಕ್ಕಕ್ಕಿಲ್ಲ.

ಹಂತ 5: ಅಧಿಕಾರಿಗಳ ಅಂಕಿಯನ್ನು ಹೊಸ್ತಿಲಿಗೆ ಇಳಿಸಿ

‘ನದಿ ಅಪಾಯದ ಮಟ್ಟ ಮೀರಿದೆ’ ಎಂಬ ಸುದ್ದಿ ನಿಮ್ಮ ಅಡುಗೆಮನೆಯ ಬಗ್ಗೆ ಏನೂ ಹೇಳುವುದಿಲ್ಲ. ಆ ಮಟ್ಟ ಮಾಪಕ ಇರುವ ಜಾಗದ್ದು. ನೀರು ಬಟ್ಟೆ ಒಗೆಯುವ ಕಲ್ಲು ಮುಟ್ಟಿದಾಗ ಮಾಪಕ ಎಷ್ಟು ತೋರಿಸುತ್ತಿತ್ತು, ರಸ್ತೆ ಮುಟ್ಟಿದಾಗ ಎಷ್ಟು ಎಂದು ಪ್ರತಿ ಸಲ ಬರೆದಿಡಿ. ಮೂರು ಅಂಕಿ ಸಿಕ್ಕರೆ ಹೊಸ್ತಿಲಿನ ಅಂಕಿ ಅಂದಾಜಿಗೆ ಬರುತ್ತದೆ.

‘ನೂರು ವರ್ಷಕ್ಕೊಮ್ಮೆ ಬರುವ ನೆರೆ’ ಎಂಬ ಮಾತಿನಷ್ಟು ದಾರಿ ತಪ್ಪಿಸಿದ ಮಾತು ಈ ವಿಷಯದಲ್ಲಿ ಇನ್ನೊಂದಿಲ್ಲ. ಅದರ ಅರ್ಥ, ಯಾವುದೇ ವರ್ಷ ಬರುವ ಸಾಧ್ಯತೆ 1% ಎಂದು. ಹೋದ ವರ್ಷ ಬಂದಿದ್ದರೂ ಈ ವರ್ಷಕ್ಕೆ ಅದೇ 1%. ಮೂವತ್ತು ವರ್ಷ ಸಾಲ ಕಟ್ಟುವ ಮನೆಯೊಂದು ಆ ಅವಧಿಯಲ್ಲಿ ಒಮ್ಮೆಯಾದರೂ ಅದನ್ನು ಕಾಣುವ ಸಾಧ್ಯತೆ 26%. ಜತೆಗೆ ಈ ಲೆಕ್ಕದ ಮೇಲೆ ಅಧಿಕಾರಿಗಳು ಬಿಡಿಸುವ ನೆರೆ ನಕ್ಷೆಗಳಲ್ಲಿ ಹೆಚ್ಚಿನವು ಹೊಳೆ ಅಥವಾ ಸಮುದ್ರದ ನೀರನ್ನಷ್ಟೇ ತೋರಿಸುತ್ತವೆ. ಚರಂಡಿ ಉಕ್ಕುವುದು ಅವುಗಳ ಲೆಕ್ಕದಲ್ಲಿ ಇರುವುದು ಕಡಿಮೆ.

ಹಂತ 6: ‘ಇಷ್ಟಾದರೆ ಇದು’ ಎಂದು ಬರೆಯಿರಿ

ಪ್ರತಿ ಅಂಕಣಕ್ಕೆ ಒಂದು ಗುರುತು, ಒಂದು ಕೆಲಸ. ಮೇಲಿನ ಕೇಂದ್ರದಲ್ಲಿ ಇಷ್ಟು ಮೀಟರ್ ದಾಟಿದರೆ ಗಾಡಿ ಎತ್ತರಕ್ಕೆ. ಇಷ್ಟಾದರೆ ವಯಸ್ಸಾದವರು, ಮಕ್ಕಳು, ದನಕರು ಹೊರಡುವುದು. ‘ನೋಡಿಕೊಂಡು ತೀರ್ಮಾನಿಸೋಣ’ ಎಂದು ಬರೆಯಬೇಡಿ. ನೀರು ಬಾಗಿಲಲ್ಲಿರುವಾಗ ಮನೆಯಲ್ಲಿ ಒಮ್ಮತ ಮೂಡುವುದಿಲ್ಲ.

ನಿಮಿಷದ ನೀರಿಗೆ ಸಾಮಾನು ಎತ್ತುವ ಕೆಲಸ ಬರೆಯಲೇಬೇಡಿ. ಅಲ್ಲಿ ಒಂದೇ ಕೆಲಸ: ಹತ್ತುವುದು. ಬೇಸ್‌ಮೆಂಟಿಗೆ ಗಾಡಿ ತರಲು ಇಳಿಯುವುದು ಎಷ್ಟೋ ಸಾವುಗಳಿಗೆ ಕಾರಣ. ರಭಸದ ನೀರು 15 ಸೆಂ.ಮೀ. ಇದ್ದರೂ ದೊಡ್ಡವರ ಕಾಲು ಕೀಳಬಲ್ಲದು, 30 ಸೆಂ.ಮೀ.ಗೆ ಸಣ್ಣ ಕಾರು ತೇಲತೊಡಗುತ್ತದೆ, 60ಕ್ಕೆ ಹೆಚ್ಚಿನ ವಾಹನಗಳು ಕೊಚ್ಚಿಹೋಗುತ್ತವೆ. ಮೇನ್ ಸ್ವಿಚ್ ಆರಿಸುವುದು ಕಾಲಡಿ ಒಣಗಿದ್ದಾಗ ಮಾತ್ರ.

ಋತುವಿಗೆ ಮುಂಚಿನ ಕೆಲಸಗಳನ್ನು ಅವುಗಳ ತಿಂಗಳ ಎದುರೇ ಬರೆಯಿರಿ: ಮೋರಿ ತೆಗೆಸುವುದು, ಚರಂಡಿ ಕೊಳವೆಗೆ ನೀರು ಹಿಂದೆ ಬಾರದಂತೆ ನಾನ್ ರಿಟರ್ನ್ ವಾಲ್ವ್ ಹಾಕಿಸುವುದು, ಮನೆಪತ್ರಗಳನ್ನು ಮೇಲಿನ ಕಪಾಟಿಗೆ ಸಾಗಿಸುವುದು, ವಿಮೆ. ಚಂಡಮಾರುತಕ್ಕೆ ಹೆಸರು ಬಿದ್ದ ಮೇಲೆ ವಿಮೆಗೆ ಓಡಿದರೆ ಆಗದು. ಅಮೆರಿಕದ ಸರ್ಕಾರಿ ನೆರೆ ವಿಮೆ ಸಾಮಾನ್ಯವಾಗಿ 30 ದಿನ ಕಳೆದ ಮೇಲಷ್ಟೇ ಜಾರಿಗೆ ಬರುತ್ತದೆ. ನಿಮ್ಮ ಪಾಲಿಸಿಯಲ್ಲಿ ‘ನೆರೆ’ ಪದದ ವ್ಯಾಖ್ಯೆ ಓದಿ. ಚರಂಡಿ ಉಕ್ಕಿದ್ದು, ನೆಲದಿಂದ ಒಸರಿದ್ದು ಅದರೊಳಗೆ ಬರುತ್ತದೋ ಇಲ್ಲವೋ ನೋಡಿ.

ಹಂತ 7: ವರ್ಷಕ್ಕೊಮ್ಮೆ ತಿದ್ದಿ

ಪೆನ್ಸಿಲಿನಲ್ಲೇ ಬರೆಯಿರಿ. ಮೇಲ್ಭಾಗದಲ್ಲಿ ಹೊಸ ಬಡಾವಣೆ ಎದ್ದಿತು, ಕೆರೆಯ ಕೋಡಿ ಮುಚ್ಚಿತು, ರಸ್ತೆ ಎತ್ತರವಾಯಿತು, ಸೇತುವೆಯ ಕಣ್ಣಿಗೆ ಮರ ಸಿಕ್ಕಿಕೊಂಡಿತು ಎಂದರೆ ಆ ಅಂಕಣ ಅಳಿಸಿ ಮತ್ತೆ ಯೋಚಿಸಿ. ನೀರು ಬಂದು ಇಳಿದ ಮೇಲೆ ಗೋಡೆ ತೊಳೆಯುವ ಮುಂಚೆ ಅದರ ಗೆರೆಗೆ ಅಳತೆಪಟ್ಟಿ ಹಿಡಿದು ಫೋಟೊ ತೆಗೆಯಿರಿ. ಆ ಗೆರೆಯ ಪಕ್ಕ ಅಳಿಸದ ಶಾಯಿಯಲ್ಲಿ ದಿನಾಂಕ ಮತ್ತು ಯಾವ ನೀರು ಎಂದು ಬರೆಯಿರಿ. ಮನೆ ಮಾರುವ ದಿನ ಬಂದರೆ ಆ ಬರಹಕ್ಕೆ ಸುಣ್ಣ ಹೊಡೆಯಬೇಡಿ.